ಬಿ ಕ್ಲಾಸ್‌ನಲ್ಲೇ ಇರಲಾ, ಎ ಕ್ಲಾಸ್ ಹಿಂದೆ ಓಡಲಾ?

ಪತ್ರ: ಅಕ್ಕಾ, ನನಗೆ 17 ವರ್ಷ. ಮೂರು ವರ್ಷದಿಂದ ಅಪ್ಪನ ಜೊತೆ ಯುಎಸ್‌ಪಿಎಸ್‌ಎ (ಅಮೆರಿಕದ ಪ್ರಾಕ್ಟಿಕಲ್ ಶೂಟಿಂಗ್ ಸಂಸ್ಥೆ) ಪಿಸ್ತೂಲ್ ಪಂದ್ಯಗಳಿಗೆ ಹೋಗುತ್ತಿದ್ದೇನೆ. ಕ್ಯಾರಿ ಆಪ್ಟಿಕ್ಸ್ ಡಿವಿಷನ್ (ಗುರಿ ಹಿಡಿಯಲು ಚುಕ್ಕೆ ತೋರಿಸುವ ಆಪ್ಟಿಕ್ ಇರುವ ಪಿಸ್ತೂಲ್), ಬಿ ಕ್ಲಾಸ್, 73.8 ಪರ್ಸೆಂಟ್. ಈ ಸೀಸನ್ ಮುಗಿಯುವುದರೊಳಗೆ ಎ ಆಗಲೇಬೇಕು ಅಂತ ಕೋಚ್ ಹಠ ಹಿಡಿದಿದ್ದಾರೆ. ಅದಕ್ಕೇ ನಾಲ್ಕು ತಿಂಗಳಿಂದ ದಿನಾ ರಾತ್ರಿ ಬರೀ ಕ್ಲಾಸಿಫೈಯರ್, ಅಂದರೆ ಕ್ಲಾಸ್ ನಿರ್ಧರಿಸುವ ಸ್ಟೇಜ್‌ಗಳ ಪ್ರಾಕ್ಟೀಸ್. ನನ್ನ ಗೆಳತಿ ಹೇಳುವುದೇ ಬೇರೆ: "ದೊಡ್ಡ ಪಂದ್ಯ ಮುಗಿಯುವವರೆಗೆ ಬಿಯಲ್ಲೇ ಇರು, ಕ್ಲಾಸಿಫೈಯರ್ ಬಂದಾಗ ಸ್ವಲ್ಪ ನಿಧಾನಕ್ಕೆ ಹೊಡಿ, ಬಿ ಕ್ಲಾಸ್ ಟ್ರೋಫಿ ನಿನ್ನದೇ." ಈ ಮಧ್ಯೆ ಪಂದ್ಯದಲ್ಲಿ ನಾನು ಕೆಳಗಿಳಿಯುತ್ತಿದ್ದೇನೆ. ಮೊದಲು ಗೆದ್ದವರ 62 ಪರ್ಸೆಂಟ್ ಬರುತ್ತಿತ್ತು, ಕಳೆದ ಎರಡು ಸಲ 55, 53. ಗೆದ್ದವರು ಮೂರೂ ಸಲ ಒಬ್ಬರೇ. ಪಂದ್ಯದ ಹಿಂದಿನ ರಾತ್ರಿ ಹೊಟ್ಟೆ ತೊಳಸುತ್ತದೆ. ನನ್ನ ಕೊನೆಯ ಎಂಟು ಕ್ಲಾಸಿಫೈಯರ್ ಸ್ಕೋರ್, ಹಳೆಯದರಿಂದ ಹೊಸದಕ್ಕೆ: 48, 72, 61, 73, 76, 73, 74, 75. ಎ ಹಿಂದೆ ಬೀಳಬೇಕಾ, ಬೇಡವಾ? – ಬಿ ಕ್ಲಾಸ್ ಹುಡುಗಿ

ಪುಟ್ಟಿ,

ಮೊದಲು ನಿನ್ನ ಗೆಳತಿಯ ಸಲಹೆ ಪಕ್ಕಕ್ಕಿಡೋಣ, ಅದಕ್ಕೆ ಜಾಸ್ತಿ ಹೊತ್ತು ಬೇಡ. ಬೇಕಂತಲೇ ನಿಧಾನ ಹೊಡೆದು ಕೆಳಗಿನ ಕ್ಲಾಸಿನಲ್ಲಿ ಕೂತುಕೊಳ್ಳುವುದಕ್ಕೆ ಶೂಟರ್‌ಗಳು ಸ್ಯಾಂಡ್‌ಬ್ಯಾಗಿಂಗ್ ಅಂತಾರೆ. ಅದು ಮೋಸ. ಬಿ ಕ್ಲಾಸ್ ಟ್ರೋಫಿ ನಿಜವಾಗಿ ಯಾರಿಗೆ ಸೇರಬೇಕಿತ್ತೋ ಆ ಹುಡುಗನೋ ಹುಡುಗಿಯೋ ನಿನ್ನ ಪಕ್ಕದಲ್ಲೇ ನಿಂತು ಚಪ್ಪಾಳೆ ತಟ್ಟುತ್ತಿರುತ್ತಾರೆ. ನಿನಗೆ ಅದು ಗೊತ್ತಿರುತ್ತದೆ. ಅಷ್ಟು ಸಾಕಲ್ವಾ.

ಇನ್ನು ಕೋಚ್ ವಿಷಯ. ಇದು ಅಷ್ಟು ಸುಲಭದ್ದಲ್ಲ. ಅವರು ಹೇಳುವುದರಲ್ಲಿ ಅರ್ಧ ಸರಿ ಇದೆ.

ಈ ಆಟ ಗೊತ್ತಿಲ್ಲದ ಓದುಗರಿಗೆ ಎರಡು ಮಾತು ಹೇಳಿಬಿಡುತ್ತೇನೆ. ಇದು ಅಮೆರಿಕದ ಪ್ರಾಕ್ಟಿಕಲ್ ಶೂಟಿಂಗ್. ಒಂದೇ ಕಡೆ ನಿಂತು ಒಂದೇ ಗುರಿಗೆ ಹೊಡೆಯುವ ಒಲಿಂಪಿಕ್ ಆಟ ಅಲ್ಲ. ಹೋಲ್‌ಸ್ಟರ್‌ನಿಂದ ಪಿಸ್ತೂಲ್ ತೆಗೆದು, ಓಡಿ, ಗೋಡೆ ಸಂದಿಯಲ್ಲಿ ಇಣುಕಿ, ಮ್ಯಾಗ್ಜೀನ್ ಬದಲಿಸಿ ಹೊಡೆಯಬೇಕು. ಬಂದ ಅಂಕವನ್ನು ತಗೊಂಡ ಸಮಯದಿಂದ ಭಾಗಿಸುತ್ತಾರೆ, ಅದೇ ಹಿಟ್ ಫ್ಯಾಕ್ಟರ್. ಪ್ರತಿ ಡಿವಿಷನ್‌ನಲ್ಲೂ ಡಿಯಿಂದ ಗ್ರ್ಯಾಂಡ್‌ಮಾಸ್ಟರ್‌ವರೆಗೆ ಆರು ಕ್ಲಾಸ್. 40 ಪರ್ಸೆಂಟ್ ದಾಟಿದರೆ ಸಿ, 60ಕ್ಕೆ ಬಿ, 75ಕ್ಕೆ ಎ, 85ಕ್ಕೆ ಮಾಸ್ಟರ್, 95ಕ್ಕೆ ಗ್ರ್ಯಾಂಡ್‌ಮಾಸ್ಟರ್. ಈ ಪರ್ಸೆಂಟ್ ಬರುವುದು ಕ್ಲಾಸಿಫೈಯರ್ ಅನ್ನುವ ಚಿಕ್ಕ, ಎಲ್ಲ ಕಡೆಯೂ ಒಂದೇ ಥರ ಕಟ್ಟುವ ಸ್ಟೇಜ್‌ಗಳಿಂದ (ಸ್ಟೇಜ್ ಅಂದರೆ ಪಂದ್ಯದ ಒಂದೊಂದು ಸುತ್ತು). ಅಲ್ಲಿ ನಿನ್ನ ಹಿಟ್ ಫ್ಯಾಕ್ಟರನ್ನು ಆ ಸ್ಟೇಜ್‌ಗೆ ಮೊದಲೇ ಗೊತ್ತುಮಾಡಿದ ಮೇಲ್ಮಟ್ಟಕ್ಕೆ ಹೋಲಿಸುತ್ತಾರೆ. ಕೊನೆಯ ಎಂಟು ಸ್ಕೋರ್ ತಗೊಂಡು ಅದರಲ್ಲಿ ಒಳ್ಳೆಯ ಆರರ ಸರಾಸರಿ ಹಾಕುತ್ತಾರೆ.

ಈ "ಎಂಟರಲ್ಲಿ ಆರು" ಅನ್ನುವುದನ್ನು ಸ್ವಲ್ಪ ಗಟ್ಟಿಯಾಗಿ ಹಿಡಿದುಕೋ. ನಿನ್ನ ಕಷ್ಟದ ಬೇರು ಇರುವುದೇ ಅಲ್ಲಿ.

ನಿನ್ನ ಸ್ಕೋರ್‌ಗಳನ್ನು ಕಾಗದದ ಮೇಲೆ ಬರೆದು ನೋಡಿದೆ. 48 ಮತ್ತು 61 ಲೆಕ್ಕಕ್ಕಿಲ್ಲ. ಉಳಿದ ಆರು ಕೂಡಿದರೆ 443, ಸರಾಸರಿ 73.8. ಮುಂದಿನ ಸಲ ನಿನ್ನ ಆ ಹಳೆಯ 48 ಎಂಟರ ಪಟ್ಟಿಯಿಂದ ತಾನಾಗಿ ಬಿದ್ದುಹೋಗುತ್ತದೆ. ಹೊಸದು 79 ಬಂದರೆ ಒಳ್ಳೆಯ ಆರು ಸೇರಿ 450, ಸರಿಯಾಗಿ 75. ಅಲ್ಲಿಗೆ ಎ ಕ್ಲಾಸ್. ಒಂದೇ ಒಂದು ಒಳ್ಳೆಯ ದಿನ ಸಾಕು. ನಾಲ್ಕು ತಿಂಗಳಿಂದ ನಿದ್ದೆ ಕೆಡಿಸಿಕೊಂಡು ಓಡುತ್ತಿರುವುದು ಅಷ್ಟು ಹತ್ತಿರ ಇರುವ ಒಂದು ಅಕ್ಷರಕ್ಕೆ. ಅದು ಇವತ್ತಲ್ಲ ನಾಳೆ ಬರುತ್ತೆ, ಬಿಡು.

ಆದರೆ ಆ 79 ತರುವುದಕ್ಕೆ ನೀನು ಏನು ಮಾಡುತ್ತಿದ್ದೀಯ ಅಂತ ನನಗೆ ಊಹೆ ಇದೆ. ಎಂಟರಲ್ಲಿ ಎರಡು ಕೆಟ್ಟರೂ ಯಾರೂ ಕೇಳಲ್ಲ ಅಂದಮೇಲೆ ಜೂಜಾಡುವುದು ಲಾಭ. ಬಂದರೆ ಬಂತು, ಹೋದರೆ ಹೋಯ್ತು. ಎಲ್ ಪ್ರೆಸಿಡೆಂಟೆ ಅನ್ನುವ ಕ್ಲಾಸಿಫೈಯರನ್ನೇ ತಗೋ, ನೀನು ದಿನಾ ರಾತ್ರಿ ಅದನ್ನೇ ಮಾಡುತ್ತಿರಬೇಕು. ಹತ್ತು ಗಜ ದೂರದಲ್ಲಿ ಮೂರು ಟಾರ್ಗೆಟ್. ಬೆನ್ನು ಹಾಕಿ ಕೈ ಮೇಲೆತ್ತಿ ನಿಂತಿರುತ್ತೀಯ. ಬೀಪ್ ಆಯಿತು, ತಿರುಗಿ, ಡ್ರಾ (ಹೋಲ್‌ಸ್ಟರ್‌ನಿಂದ ಪಿಸ್ತೂಲ್ ತೆಗೆಯುವುದು), ಒಂದೊಂದಕ್ಕೆ ಎರಡೆರಡು, ರೀಲೋಡ್, ಮತ್ತೆ ಎರಡೆರಡು. ಒಟ್ಟು 12 ಗುಂಡು. ಕ್ಯಾರಿ ಆಪ್ಟಿಕ್ಸ್‌ನಲ್ಲಿ ಟಾರ್ಗೆಟ್‌ನ ಎ ವಲಯಕ್ಕೆ (ಇದು ಕ್ಲಾಸ್ ಅಲ್ಲ) 5 ಅಂಕ, ಸಿಗೆ 3, ಡಿಗೆ 1, ತಪ್ಪಿದರೆ 10 ಕಳೆ. ಸಮಾಧಾನವಾಗಿ ಏಳು ಸೆಕೆಂಡಿನಲ್ಲಿ ಹತ್ತು ಎ, ಎರಡು ಸಿ ಹೊಡೆದರೆ 56 ಅಂಕ, ಹಿಟ್ ಫ್ಯಾಕ್ಟರ್ 8. ಅದನ್ನೇ ಆರು ಸೆಕೆಂಡಿಗೆ ಇಳಿಸುವ ಹುಮ್ಮಸ್ಸಿನಲ್ಲಿ ಆರು ಎ, ನಾಲ್ಕು ಸಿ, ಒಂದು ಡಿ, ಒಂದು ಮಿಸ್ ಆದರೆ 33 ಅಂಕ, ಹಿಟ್ ಫ್ಯಾಕ್ಟರ್ 5.5. ಕ್ಲಾಸಿಫೈಯರ್‌ನಲ್ಲಿ ಈ 5.5 ಕಸದ ಬುಟ್ಟಿಗೆ ಹೋಗುತ್ತದೆ, ಯಾರಿಗೂ ಕಾಣುವುದಿಲ್ಲ. ನಿನ್ನ ಆ 48 ಕೂಡ ಹೀಗೇ ಬಂದಿರಬೇಕು.

ಪಂದ್ಯದಲ್ಲಿ ಕಸದ ಬುಟ್ಟಿ ಇಲ್ಲ ಪುಟ್ಟಿ. ಅಲ್ಲಿ ಎಲ್ಲ ಸ್ಟೇಜೂ ಲೆಕ್ಕಕ್ಕೆ. ನಾಲ್ಕು ತಿಂಗಳಿಂದ ನಿನ್ನ ಕೈಗೆ ನೀನು ಕಲಿಸಿರುವುದು ಒಂದೇ ಪಾಠ: ಕೆಟ್ಟರೆ ಚಿಂತೆಯಿಲ್ಲ, ಜೋರಾಗಿ ಹೋಗು. ಕೈ ಆ ಪಾಠವನ್ನು ಚೆನ್ನಾಗಿ ಕಲಿತಿದೆ. ಈಗ ಪಂದ್ಯದಲ್ಲೂ ಅದನ್ನೇ ಒಪ್ಪಿಸುತ್ತಿದೆ. 62 ಇದ್ದದ್ದು 53ಕ್ಕೆ ಬಂದದ್ದಕ್ಕೆ ನಿನ್ನ ಪ್ರತಿಭೆ ಬತ್ತಿಹೋಯಿತು ಅಂತ ಅಲ್ಲ ಕಾರಣ.

ಇನ್ನೊಂದು ಕಾರಣವೂ ಇದೆ. ಕ್ಲಾಸಿಫೈಯರ್ ಅಂದರೆ ಪ್ರಶ್ನೆಪತ್ರಿಕೆ ಮೊದಲೇ ಕೈಗೆ ಕೊಟ್ಟ ಪರೀಕ್ಷೆ. ಟಾರ್ಗೆಟ್ ಎಲ್ಲಿ, ದೂರ ಎಷ್ಟು, ಎಷ್ಟು ಗುಂಡು, ಎಲ್ಲ ಪ್ರಕಟವಾಗಿರುತ್ತದೆ. ಹೆಚ್ಚಿನವು ನಿಂತಲ್ಲೇ ಹೊಡೆಯುವಂಥವು. ಮನೆಯಲ್ಲಿ ಅಳತೆಗೆ ತಕ್ಕ ಹಾಗೆ ಚಿಕ್ಕ ಟಾರ್ಗೆಟ್ ಅಂಟಿಸಿ ಗಿಳಿಪಾಠ ಮಾಡಬಹುದು. ಹಾಗೆ ಗಿಳಿಪಾಠ ಮಾಡಿ ಮೇಲೆ ಹೋದವರಿಗೆ ರೇಂಜ್‌ನಲ್ಲಿ "ಪೇಪರ್ ಜಿಎಂ" ಅಂತ ಹೆಸರೇ ಇದೆ. ಕಾರ್ಡ್‌ನಲ್ಲಿ ಗ್ರ್ಯಾಂಡ್‌ಮಾಸ್ಟರ್, ಪಂದ್ಯದ ಪಟ್ಟಿಯಲ್ಲಿ ಎಲ್ಲೋ ನಡುವೆ. ಆ ಹೆಸರಿಟ್ಟು ಆಡಿಕೊಳ್ಳುವುದು ನನಗೆ ಇಷ್ಟವಿಲ್ಲ, ಪಾಪ ಅವರೂ ಬೆವರು ಹರಿಸಿಯೇ ಇರುತ್ತಾರೆ. ಆದರೆ ಆ ಬೆವರು ಸುರಿದದ್ದು ಕೋಣೆಯೊಳಗೆ, ಒಂದೇ ಚೌಕದ ಮೇಲೆ ನಿಂತು.

ಪಂದ್ಯದ ದೊಡ್ಡ ಸ್ಟೇಜ್ ಒಂದನ್ನು ಕಣ್ಣಮುಂದೆ ತಂದುಕೋ. 32 ಗುಂಡು, ಐದು ಜಾಗ. ನೀನು ಒಂದು ಕಿಂಡಿಯ ಹತ್ತಿರ ಓಡಿ ಬರುತ್ತೀಯ. ಕಾಲು ನಿಲ್ಲುತ್ತದೆ. ಆಮೇಲೆ ಕೈ ಮೇಲೇಳುತ್ತದೆ. ಆಮೇಲೆ ಆಪ್ಟಿಕ್‌ನ ಚುಕ್ಕೆ ಎಲ್ಲಿ ಅಂತ ಹುಡುಕುತ್ತೀಯ. ಆಮೇಲೆ ಮೊದಲ ಗುಂಡು. ಇದರಲ್ಲಿ ಅರ್ಧ ಸೆಕೆಂಡ್ ಸುಮ್ನೆ ಹೋಯಿತು. ಐದು ಜಾಗಕ್ಕೆ ಎರಡೂವರೆ ಸೆಕೆಂಡ್. 150 ಅಂಕವನ್ನು 20 ಸೆಕೆಂಡಿಗೆ ಹೊಡೆದರೆ ಹಿಟ್ ಫ್ಯಾಕ್ಟರ್ 7.5. ಕಿಂಡಿ ತಲುಪುವ ಮೊದಲೇ ಪಿಸ್ತೂಲ್ ಕಣ್ಣಿನ ಮಟ್ಟಕ್ಕೆ ಬಂದಿದ್ದು, ಕಾಲು ಪೂರ್ತಿ ಊರುವ ಹೊತ್ತಿಗೆ ಮೊದಲ ಗುಂಡು ಹೋಗಿದ್ದರೆ ಅದೇ 150 ಅಂಕ ಹದಿನೇಳೂವರೆ ಸೆಕೆಂಡಿಗೆ, ಅಂದರೆ 8.57. ಟ್ರಿಗರ್ ಒಂದು ಚೂರೂ ಜೋರು ಮಾಡಿಲ್ಲ ನೋಡು. ಡ್ರಾ ಕೂಡ ಹಳೆಯದೇ. ಒಂದು ಹತ್ತನೇ ಭಾಗ ಸೆಕೆಂಡ್ ಡ್ರಾದಿಂದ ಕೀಳಲು ನೀನು ನಾಲ್ಕು ತಿಂಗಳು ಸವೆಸಿದೆ. ಈ ಎರಡೂವರೆ ಸೆಕೆಂಡ್ ಅಲ್ಲೇ ನೆಲದ ಮೇಲೆ ಬಿದ್ದಿದೆ, ಬಗ್ಗಿ ಎತ್ತಿಕೊಂಡಿಲ್ಲ.

ಕೋಚ್ ಹೇಳುವುದರಲ್ಲಿ ಅರ್ಧ ಸರಿ ಅಂದೆನಲ್ಲ, ಅದು ಇದು: ಅಳತೆ ಬೇಕು. ಡ್ರಾ, ರೀಲೋಡ್, ಒಂದು ಟಾರ್ಗೆಟ್‌ನಿಂದ ಇನ್ನೊಂದಕ್ಕೆ ಕಣ್ಣು ಹಾಯಿಸುವುದು, ಎಡಗೈಯೊಂದರಲ್ಲೇ ಹೊಡೆಯುವುದು, ಇವುಗಳಲ್ಲಿ ನೀನು ಎಲ್ಲಿದ್ದೀಯ ಅಂತ ಕ್ಲಾಸಿಫೈಯರ್ ಮುಲಾಜಿಲ್ಲದೆ ಹೇಳುತ್ತದೆ. ಪಂದ್ಯದ ಪರ್ಸೆಂಟ್ ಆ ದಿನ ಯಾರು ಬಂದಿದ್ದರು ಅನ್ನುವುದರ ಮೇಲೆ ಆಡುತ್ತದೆ, ಕ್ಲಾಸಿಫೈಯರ್ ಹಾಗಲ್ಲ. ಆದ್ದರಿಂದ ಅದನ್ನು ಕನ್ನಡಿ ಥರ ಇಟ್ಟುಕೋ. ದಿನಾ ರಾತ್ರಿ ಕನ್ನಡಿ ಮುಂದೆಯೇ ಕೂತರೆ ಏನಾಗುತ್ತೆ ಅಂತ 17ರ ಹುಡುಗಿಗೆ ನಾನು ಹೇಳಬೇಕಾ!

ನಾನೂ ಈ ಹಳ್ಳಕ್ಕೆ ಬಿದ್ದವಳೇ. ನಿನ್ನ ಆಟ ಅಲ್ಲ, ನನ್ನದು ಏರ್ ಪಿಸ್ತೂಲ್, ಹತ್ತು ಮೀಟರ್, 60 ಗುಂಡು. ನನಗೆ 600ಕ್ಕೆ 550 ಅಂಕದ ಹುಚ್ಚು ಹಿಡಿದಿತ್ತು. ಒಂದು ಪಂದ್ಯದಲ್ಲಿ 52 ಗುಂಡಿಗೆ 481 ಆಗಿತ್ತು. ಅಷ್ಟರವರೆಗೆ ಲೆಕ್ಕ ಇಟ್ಟಿರಲಿಲ್ಲ, ಅವತ್ತು ಯಾಕೋ ಇಟ್ಟೆ. ಇನ್ನು ಎಂಟು ಗುಂಡಿಗೆ 69 ಸಾಕು. ತಲೆಯಲ್ಲಿ ಈ ಕೂಡು-ಕಳೆ ಮುಗಿದ ಮೇಲೆ ಪಿಸ್ತೂಲ್ ಎತ್ತಿದರೆ ಅದು ಮೊದಲಿಗಿಂತ ಭಾರ. ಆರು. ಆಮೇಲಿನದು ಏಳು. ಒಟ್ಟು 543ಕ್ಕೆ ಮುಗಿಸಿ, ಕೇಸ್ ಮುಚ್ಚುವಾಗ ಝಿಪ್‌ಗೆ ಬೆರಳು ಸಿಕ್ಕಿಸಿಕೊಂಡು ಅತ್ತೆ. ಬೆರಳಿಗೋಸ್ಕರ ಅತ್ತೆ ಅಂತ ಎಲ್ಲರಿಗೂ ಹೇಳಿದೆ. 550 ಆಮೇಲೆ ಬಂತು, ಯಾವಾಗ ಬಂತು ಅಂತ ಈಗ ನೆನಪಿಲ್ಲ. ಆ ಆರು ಮಾತ್ರ ನೆನಪಿದೆ.

ಹಾಗಾದರೆ ಏನು ಮಾಡುವುದು? ಎ ಬೇಡ ಅನ್ನಬೇಡ. ಆಸೆ ಇರಲಿ, ಅದರಲ್ಲಿ ತಪ್ಪಿಲ್ಲ. ಆದರೆ ಈ ಸೀಸನ್‌ಗೆ ಅಂತ ಗಡುವು ಹಾಕುವುದನ್ನು ಬಿಟ್ಟುಬಿಡು. ದಿನಾ ಒಂದು ಗಂಟೆ ಡ್ರೈ ಫೈರ್ (ಗುಂಡಿಲ್ಲದ ಅಭ್ಯಾಸ) ಮಾಡುತ್ತೀಯ ಅಂದುಕೊಂಡರೆ ಕಾಲು ಗಂಟೆ ಮಾತ್ರ ಡ್ರಾ, ರೀಲೋಡ್‌ಗೆ ಕೊಡು. ಉಳಿದದ್ದು ನಡೆಯುವುದು, ನಿಲ್ಲುವುದು, ನಿಂತ ಜಾಗ ಬಿಟ್ಟು ಹೊರಡುವುದು. ಬಾಗಿಲ ಚೌಕಟ್ಟೇ ಕಿಂಡಿ. ಎರಡು ಹೆಜ್ಜೆ ದೂರದಿಂದ ಬಾ, ಚುಕ್ಕೆ ಕಾಣುವುದು ಮೊದಲೋ ಕಾಲು ನಿಲ್ಲುವುದು ಮೊದಲೋ ಗಮನಿಸು. ಫೋನ್‌ನಲ್ಲಿ ವಿಡಿಯೊ ಮಾಡಿಕೋ, ಸೋಜಿಗ ಆಗುತ್ತೆ. ಗುಂಡು ಆ ಕೋಣೆಯಲ್ಲೇ ಇರಬಾರದು, ಮ್ಯಾಗ್ಜೀನ್ ಖಾಲಿ ಅಂತ ಅಪ್ಪನೂ ಒಂದು ಸಲ ನೋಡಲಿ, ಓಡಾಡುವಾಗ ಬೆರಳು ಟ್ರಿಗರ್‌ನಿಂದ ಆಚೆ. ಇದನ್ನು ನಿನಗೆ ಗೊತ್ತಿಲ್ಲ ಅಂತ ಹೇಳುತ್ತಿಲ್ಲ. ಸುಸ್ತಾದ ರಾತ್ರಿಯಲ್ಲಿ ಗೊತ್ತಿದ್ದವರೇ ಮರೆಯುವುದು. ಅವಸರದ ಅಭ್ಯಾಸ ಬೆರಳಿಗೂ ಅಂಟುತ್ತದೆ. ಪಂದ್ಯದಲ್ಲಿ ರೀಲೋಡ್ ಮಾಡುವಾಗ ಬೆರಳು ಟ್ರಿಗರ್ ಗಾರ್ಡ್ ಒಳಗಿದ್ದರೆ ಅಥವಾ ನಳಿಕೆ 180 ಡಿಗ್ರಿ ಗೆರೆ ದಾಟಿ ಹಿಂದಕ್ಕೆ ತಿರುಗಿದರೆ ಆ ದಿನದ ಆಟವೇ ಮುಗಿಯಿತು, ನಿನ್ನ ಕ್ಲಾಸ್ ಯಾವುದು ಅಂತ ಯಾರೂ ಕೇಳಲ್ಲ.

ಪಂದ್ಯದ ದಿನ ಕ್ಲಾಸಿಫೈಯರ್ ಬಂದರೆ ಅದೂ ಒಂದು ಸ್ಟೇಜ್ ಅಷ್ಟೇ. ಉಳಿದ ಸ್ಟೇಜ್‌ಗಳ ವೇಗದಲ್ಲೇ ಹೊಡಿ. ಜೋರೂ ಬೇಡ, ಗೆಳತಿ ಹೇಳಿದ ನಿಧಾನವೂ ಬೇಡ. ಅವತ್ತು 79 ಬಂದು ನೀನು ಎ ಆಗಿಬಿಟ್ಟರೆ? ಆಗು. ಒಮ್ಮೆ ಮೇಲೆ ಹೋದ ಕ್ಲಾಸ್ ಸ್ಕೋರ್ ಬಿದ್ದರೂ ತಾನಾಗಿ ಇಳಿಯುವುದಿಲ್ಲ ಅನ್ನುವುದು ನಿನಗೂ ಗೊತ್ತು, ಬಹುಶಃ ಹೊಟ್ಟೆ ತೊಳಸುವುದಕ್ಕೆ ಅದೂ ಒಂದು ಕಾರಣ. ಒಂದು ವರ್ಷ ಎ ಕ್ಲಾಸಿನ ಬಾಲದಲ್ಲಿ ಇರಬೇಕಾಗುತ್ತದೆ, ಟ್ರೋಫಿ ಸಿಗುವುದಿಲ್ಲ. ಸಿಗದಿದ್ದರೆ ಬೇಡ ಬಿಡು, 17ಕ್ಕೆ ಮನೆಯಲ್ಲಿ ಧೂಳು ಒರೆಸುವ ಸಾಮಾನು ಎಷ್ಟು ಬೇಕು ನಿನಗೆ?

ಕೋಚ್ ಹತ್ತಿರ ಮಾತಾಡಲು ಭಯ ಅಂತ ನೀನು ಬರೆದಿಲ್ಲ, ಆದರೆ ಸಾಲುಗಳ ನಡುವೆ ಅದು ಕಾಣುತ್ತಿದೆ. "ನನಗೆ ಎ ಬೇಡ" ಅಂತ ಹೋಗಬೇಡ, ಜಗಳ ಆಗುತ್ತೆ. ಕಳೆದ ಮೂರು ಪಂದ್ಯದ ಸ್ಟೇಜ್‌ವಾರು ಫಲಿತಾಂಶ ತಗೊಂಡು ಹೋಗಿ ಮುಂದಿಡು. ದೊಡ್ಡ ಸ್ಟೇಜ್‌ಗಳಲ್ಲಿ ಎಷ್ಟು ಮಿಸ್, ಎಷ್ಟು ಸೆಕೆಂಡ್ ಅಂತ ಪೆನ್ಸಿಲ್‌ನಲ್ಲಿ ಗುರುತು ಹಾಕಿರು. "ಇದನ್ನು ಸರಿ ಮಾಡಬೇಕು, ಹೇಳಿಕೊಡಿ" ಅನ್ನು. ಒಳ್ಳೆಯ ಕೋಚ್ ಆದರೆ ಕುರ್ಚಿ ಎಳೆದುಕೊಂಡು ಕೂರುತ್ತಾರೆ. ಆ ಹಾಳೆ ನೋಡದೆಯೂ ಎ, ಎ ಅಂತಲೇ ಅಂದರೆ ಆ ಅಕ್ಷರ ಬೇಕಿರುವುದು ನಿನಗಲ್ಲ, ಅವರಿಗೆ. ಆಗ ಅಪ್ಪನನ್ನು ಮಾತಿಗೆ ಕರಿ.

ಅಪ್ಪನಿಗೆ ಇನ್ನೊಂದು ವಿಷಯ ಹೇಳಬೇಕು, ಹೊಟ್ಟೆ ತೊಳಸುವ ವಿಷಯ. ಮೂರು ವರ್ಷದಿಂದ ಜೊತೆಗೆ ಬಂದು, ನಿನ್ನ ಟಾರ್ಗೆಟ್‌ಗೆ ತೇಪೆ ಅಂಟಿಸಿದವರು. ನೀನು ಹೇಳದಿದ್ದರೂ ಅರ್ಧ ಗೊತ್ತಾಗಿರುತ್ತದೆ. ಪಂದ್ಯದ ಬೆಳಗ್ಗೆ ಕಾರಿನಲ್ಲಿ ಬೇಡ, ಈ ವಾರದಲ್ಲೇ ಒಂದು ಸಂಜೆ ಹೇಳು. ಮುಂದಿನ ಪಂದ್ಯ ಆದಮೇಲೆ ಪರ್ಸೆಂಟ್ ಕಳಿಸಬೇಡ ನನಗೆ, ಎಷ್ಟು ಮಿಸ್ ಆಯಿತು ಅಂತ ಬರಿ.

– ಅಕ್ಕ