ನಿಮ್ಮ ಪಿಎಸ್5 ಕೆಟ್ಟಿಲ್ಲ, ದಯವಿಟ್ಟು ಬಿಚ್ಚಿಸಬೇಡಿ

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಪ್ರಶ್ನೆ: ಟಿವಿಗೆ ಹಾಕಿ ಆಡುವ ಸೋನಿಯ ಗೇಮ್ ಮಷಿನ್ ಪಿಎಸ್5, ಹಳೇ ಪಿಎಸ್4ಗಿಂತ ಬೇರೆ ಅನ್ನಿಸುವುದೇ ಇಲ್ಲವಲ್ಲ, ಯಾಕೆ? ಬೇರೆ ಬೇರೆ ಅಂಗಿ ತೊಟ್ಟು ಬಂದಿದೆ ಅಷ್ಟೇ. ಹೋದ ಸಲ ನಾಲ್ಕು ಸಾಲಿನಲ್ಲಿ ಮುಗಿಸಿದ್ದೆ. ಯಾರಿಗೂ ಸಾಕಾದಂತಿಲ್ಲ. ಆದ್ದರಿಂದ ಇವತ್ತು ಪೂರ್ತಿ ಹೇಳಿಬಿಡುತ್ತೇನೆ. ಇನ್ನು ಮುಂದೆ ಯಾರಾದರೂ ನನ್ನ ರಿಪೇರಿ ಅಂಗಡಿಗೆ ಬಂದು ಇದನ್ನೇ ಕೇಳಿದರೆ ಈ ಪುಟ ತೋರಿಸಿ ಸುಮ್ಮನಾಗುತ್ತೇನೆ.

ಪ್ರಶ್ನೆ: ಐವತ್ತು ಸಾವಿರ ಕೊಟ್ಟು ಪಿಎಸ್5 ತಗೊಂಡೆ ಸರ್. ಪಿಎಸ್4ಗೂ ಇದಕ್ಕೂ ದೊಡ್ಡ ವ್ಯತ್ಯಾಸವೇ ಕಾಣ್ತಿಲ್ಲ. ಗ್ರಾಫಿಕ್ಸ್ ಚಿಪ್ ವೀಕ್ ಆಗಿರಬಹುದಾ? ಮಾರಿ ಇದಕ್ಕಿಂತ ಜೋರಾದ ಪಿಎಸ್5 ಪ್ರೋ ತಗೊಳ್ಳಲಾ? (ದಾವಣಗೆರೆ)

ಚಿಪ್ ವೀಕ್ ಆಗುವುದಕ್ಕೆ ಅದೇನು ಟಾರ್ಚಿನ ಸೆಲ್ಲಾ? ತೀರಾ ಬಿಸಿಯಾದರೆ ಮಷಿನ್ ಪರದೆ ಮೇಲೆ ಎಚ್ಚರಿಕೆ ಕೊಟ್ಟು ತಾನೇ ಆಫ್ ಆಗುತ್ತದೆ. ಚಿಪ್ ಸತ್ತರೆ ಚಿತ್ರವೇ ಬರುವುದಿಲ್ಲ. "ಸ್ವಲ್ಪ ಡಲ್ ಆಗಿದೆ, ರೀಬಾಲ್ ಮಾಡಿದರೆ, ಅಂದರೆ ಚಿಪ್ ಕಿತ್ತು ಹೊಸ ಬೆಸುಗೆ ಹಾಕಿ ಕೂರಿಸಿದರೆ, ಸರಿ ಹೋಗುತ್ತದೆ" ಎಂದು ನಿಮಗೆ ಯಾರಾದರೂ ಹೇಳಿದ್ದರೆ, ಅವರ ಕೈಗೆ ಮಷಿನ್ ಕೊಡಬೇಡಿ. ಪರ್ಸನ್ನಂತೂ ಕೊಡಲೇಬೇಡಿ.

ಕಳೆದ ತಿಂಗಳು ಹಾಸನದ ಹುಡುಗನೊಬ್ಬ ಅಪ್ಪನ ಜೊತೆ ಬಂದಿದ್ದ. ಪಿಎಸ್5 ಅನ್ನು ಸ್ನಾನದ ಟವೆಲ್ಲಿನಲ್ಲಿ ಸುತ್ತಿ, ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಬಂದಿದ್ದ. ಅವರಿಗೂ ಎಲ್ಲೋ ಯಾರೋ ರೀಬಾಲ್ ಅಂದಿದ್ದರು, ಹನ್ನೆರಡು ಸಾವಿರ ಕೇಳಿದ್ದರು. ಮೇಜಿನ ಟಿವಿಗೆ ಹಾಕಿ ಆನ್ ಮಾಡಿದೆ. ಹೊರೈಜನ್ ಫರ್ಬಿಡನ್ ವೆಸ್ಟ್ ಗೇಮ್ ಇತ್ತು. ಹೆಸರಿನ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ "ಪಿಎಸ್4" ಎಂದು ಬರೆದಿತ್ತು. ಚಿಕ್ಕಪ್ಪನ ಮಗನ ಹಳೇ ಪಿಎಸ್4 ಡಿಸ್ಕ್ ಹಾಕಿದ್ದಾನೆ, ಪಿಎಸ್4 ಆವೃತ್ತಿಯೇ ಇನ್‌ಸ್ಟಾಲ್ ಆಗಿದೆ. ಅದೂ ನಿಧಾನದ ಯುಎಸ್‌ಬಿ ಹಾರ್ಡ್‌ಡಿಸ್ಕ್ ಮೇಲೆ. ಎರಡು ವರ್ಷದಿಂದ ಹೊಸ ಮಷಿನ್ನಿನಲ್ಲಿ ಹಳೇ ಗೇಮ್ ಆಡುತ್ತಾ ಹೊಸ ಮಷಿನ್ನನ್ನು ಬೈಯುತ್ತಿದ್ದಾನೆ.

ಆ ಗೇಮಿನ ಪಿಎಸ್4 ಡಿಸ್ಕ್ ಇದ್ದವರಿಗೆ ಪಿಎಸ್5 ಆವೃತ್ತಿ ಉಚಿತ. ಗೇಮಿನ ಪುಟದಲ್ಲಿ ಮೂರು ಚುಕ್ಕೆ ಒತ್ತಿ ಆವೃತ್ತಿ ಬದಲಾಯಿಸಿದೆ, ರಾತ್ರಿಯಿಡೀ ಡೌನ್‌ಲೋಡ್‌ಗೆ ಬಿಟ್ಟೆ. ಮರುದಿನ ಹುಡುಗ ಬಂದು ಗೇಮಿನೊಳಗೆ ಒಂದು ಊರಿನಿಂದ ಇನ್ನೊಂದು ಊರಿಗೆ ಹಾರಿದ. ಮೊದಲಾದರೆ ಅಷ್ಟರಲ್ಲಿ ಅರ್ಧ ಲೋಟ ಕಾಫಿ ಮುಗಿಯುತ್ತಿತ್ತು. ಈಗ ಲೋಟ ಎತ್ತುವಷ್ಟರಲ್ಲಿ ಬಂದುಬಿಟ್ಟ. ಧೂಳು ತೆಗೆದದ್ದಕ್ಕೆ ಇನ್ನೂರು ರೂಪಾಯಿ ತಗೊಂಡೆ. ಅಪ್ಪ ನನ್ನನ್ನು ಅನುಮಾನದಿಂದ ನೋಡಿದರು, ಇಷ್ಟು ಕಡಿಮೆಯಾ ಅಂತ.

ನೀವೂ ಮೊದಲು ಆ ಸಣ್ಣ ಅಕ್ಷರ ನೋಡಿ. ಆಮೇಲೆ ಗೇಮಿನ ಸೆಟ್ಟಿಂಗ್ಸ್‌ಗೆ ಹೋಗಿ ಪರ್ಫಾರ್ಮೆನ್ಸ್ ಮೋಡ್ ಹಾಕಿ. ಹೆಚ್ಚಿನ ಗೇಮ್‌ಗಳಲ್ಲಿ ಸೆಕೆಂಡಿಗೆ 60 ಫ್ರೇಮ್ (ಅಂದರೆ 60 ಚಿತ್ರ) ಬರುವುದು ಅದರಲ್ಲೇ. ಪಿಎಸ್4ನಲ್ಲಿ 30ಕ್ಕೇ ಏದುಸಿರು ಬಿಡುತ್ತಿತ್ತು. ಟಿವಿಯಲ್ಲಿ ಗೇಮ್ ಮೋಡ್ ಆನ್ ಆಗಿದೆಯಾ ನೋಡಿ. ಅಂಗಡಿಯಲ್ಲಿ ಹಾಕಿಕೊಟ್ಟ ಬಣ್ಣ ಸುರಿಯುವ "ವಿವಿಡ್" ಮೋಡಿನಲ್ಲೇ ಅರ್ಧ ಕರ್ನಾಟಕ ಗೇಮ್ ಆಡುತ್ತಿದೆ.

ಇಷ್ಟೆಲ್ಲ ಸರಿಯಿದ್ದೂ ಬೇಸರ ಹೋಗಲಿಲ್ಲವಾ? ಹಾಗಾದರೆ ನಿಮ್ಮ ಬೇಸರ ನ್ಯಾಯವಾದದ್ದೇ. ತಪ್ಪು ಮಾತ್ರ ಮಷಿನ್ನಿನದ್ದಲ್ಲ.

ಪಿಎಸ್5 ಬಂದಿದ್ದು 2020ರ ನವೆಂಬರ್‌ನಲ್ಲಿ, ನಮ್ಮ ದೇಶಕ್ಕೆ 2021ರ ಫೆಬ್ರವರಿ 2ಕ್ಕೆ. ಆಮೇಲೆ ಬಂದ ದೊಡ್ಡ ಗೇಮ್‌ಗಳನ್ನೇ ನೋಡಿ. ಹೊರೈಜನ್ ಫರ್ಬಿಡನ್ ವೆಸ್ಟ್, ಗ್ರಾನ್ ಟುರಿಸ್ಮೊ 7, ಗಾಡ್ ಆಫ್ ವಾರ್ ರಾಗ್ನರಾಕ್. ಮೂರೂ 2022ರವು, ಮೂರೂ ಪಿಎಸ್4ಗೂ ಬಂದವು. 2013ರ ಪ್ರೊಸೆಸರ್ ಮೇಲೂ ಓಡಬೇಕು ಅಂತ ಕಟ್ಟಿದ ಮನೆಗೆ ಹೊಸ ಬಣ್ಣ ಹೊಡೆಯಬಹುದು, ಇನ್ನೊಂದು ಮಹಡಿ ಏರಿಸಲಾಗುವುದಿಲ್ಲ. ಜಿಟಿಎ 5 ಅಂತೂ ಕೇಳಲೇಬೇಡಿ. 2013ರಲ್ಲಿ ಪಿಎಸ್3, 2014ರಲ್ಲಿ ಪಿಎಸ್4, 2022ರಲ್ಲಿ ಪಿಎಸ್5. ಮೂರು ತಲೆಮಾರಿಗೆ ಒಂದೇ ಗೇಮ್ ಮಾರಿದರು, ಮೂರು ಸಲವೂ ನಾವು ತಗೊಂಡೆವು. ನಾನೂ ತಗೊಂಡೆ.

ನಾಟಿ ಡಾಗ್ ಎಂಬ ಸೋನಿಯದೇ ಸ್ಟುಡಿಯೋ ಪಿಎಸ್3 ಕಾಲದಲ್ಲಿ ನಾಲ್ಕು ದೊಡ್ಡ ಗೇಮ್ ಕೊಟ್ಟಿತ್ತು. ಅನ್‌ಚಾರ್ಟೆಡ್ ಮೂರು (2007, 2009, 2011), ಕೊನೆಗೆ 2013ರಲ್ಲಿ ಲಾಸ್ಟ್ ಆಫ್ ಅಸ್. ಪಿಎಸ್5 ಬಂದು ಐದು ವರ್ಷ ಕಳೆದರೂ ಅದೇ ಸ್ಟುಡಿಯೋದಿಂದ ಬಂದದ್ದು ಹಳೇ ಗೇಮ್‌ಗಳ ಮರುರೂಪಗಳು ಮಾತ್ರ. ಸೋಮಾರಿತನ ಅಂತ ಬೈಯುವವರಿಗೆ ಒಂದು ಲೆಕ್ಕ ಹೇಳುತ್ತೇನೆ. 2023ರಲ್ಲಿ ಅಮೆರಿಕದ ಕೋರ್ಟಿಗೆ ಸೋನಿ ಕೊಟ್ಟ ಒಂದು ಕಾಗದದಲ್ಲಿ ಗುಟ್ಟಿನ ಅಂಕಿಗಳ ಮೇಲೆ ಮಾರ್ಕರ್ ಪೆನ್ನಿನಿಂದ ಕಪ್ಪು ಬಳಿದಿದ್ದರು. ಸ್ಕ್ಯಾನ್ ಮಾಡಿದಾಗ ಕಪ್ಪಿನ ಕೆಳಗಿನ ಅಂಕಿ ಕಾಣಿಸಿಬಿಟ್ಟಿತು! ಲಾಸ್ಟ್ ಆಫ್ ಅಸ್ ಎರಡನೇ ಭಾಗಕ್ಕೆ ಸುಮಾರು 22 ಕೋಟಿ ಡಾಲರ್, ಫರ್ಬಿಡನ್ ವೆಸ್ಟ್‌ಗೆ 21 ಕೋಟಿಗಿಂತ ಜಾಸ್ತಿ. ಇಷ್ಟು ದುಡ್ಡು ಹಾಕಿದವನು ಹೊಸ ಸಾಹಸ ಮಾಡುವುದಿಲ್ಲ. ಗೆದ್ದ ಕುದುರೆಗೇ ಮತ್ತೆ ಜೀನು ಕಟ್ಟುತ್ತಾನೆ. ಸಾಹಸ ಮಾಡಿ ಎಡವಿದರೂ ಕಷ್ಟ. ಸೋನಿಯ ಕಾಂಕರ್ಡ್ ಗೇಮ್ 2024ರ ಆಗಸ್ಟ್ 23ಕ್ಕೆ ಬಂತು, ಸೆಪ್ಟೆಂಬರ್ 6ಕ್ಕೆ ಬಾಗಿಲು ಹಾಕಿತು. ಎರಡೇ ವಾರ.

ಇನ್ನು ಬೆಲೆ. "ಎರಡು ವರ್ಷ ಕಾಯಿ, ಅರ್ಧಕ್ಕೆ ಬರುತ್ತೆ" ಅಂತ ಅಣ್ಣಂದಿರು ಹೇಳುತ್ತಿದ್ದದ್ದು ಅವರ ಕಾಲಕ್ಕೆ ನಿಜ. ಪಿಎಸ್2 ಅಮೆರಿಕದಲ್ಲಿ 299 ಡಾಲರ್‌ಗೆ ಬಂದು ನಾಲ್ಕು ವರ್ಷದಲ್ಲಿ 149ಕ್ಕೆ ಇಳಿಯಿತು. 599 ಡಾಲರ್‌ನ ಪಿಎಸ್3 ಮೂರು ವರ್ಷದಲ್ಲಿ 299 ಆಯಿತು. ಆಗ ಚಿಪ್ ಚಿಕ್ಕದಾದಂತೆಲ್ಲ ಅಗ್ಗವೂ ಆಗುತ್ತಿತ್ತು. ಈಗ ಚಿಕ್ಕದಾಗುತ್ತದೆ, ಅಗ್ಗ ಆಗುವುದಿಲ್ಲ. ಹೊಸ ತಯಾರಿಕೆಯ ಖರ್ಚೇ ಅಷ್ಟು. ಪಿಎಸ್5 ಅಲ್ಲಿ 499 ಡಾಲರ್ ಇದ್ದದ್ದು 2025ರ ಆಗಸ್ಟ್‌ನಲ್ಲಿ 549.99ಕ್ಕೆ ಏರಿತು. ಮೈಕ್ರೋಸಾಫ್ಟಿನ ಇಂಥದ್ದೇ ಮಷಿನ್ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಅದೇ ವರ್ಷ ಎರಡು ಸಲ ಏರಿ 649.99 ಆಯಿತು. ನಮ್ಮಲ್ಲಿ 49,990 ರೂಪಾಯಿ ಇದ್ದ ಪಿಎಸ್5ಗೆ 2022ರಲ್ಲೇ ಐದು ಸಾವಿರ ಜಾಸ್ತಿ ಮಾಡಿದ್ದರು. ಹಳೆಯದಾದಂತೆ ದುಬಾರಿಯಾಗಲು ಇದೇನು ಹುಣಸೆಹಣ್ಣಾ?

ಹಾಗಾದರೆ ಹೊಸದು ಅಂತ ಏನು ಸಿಕ್ಕಿತು? ಕಾಯುವುದು ತಪ್ಪಿತು. ನನಗೆ ಅದು ಸಣ್ಣ ವಿಷಯ ಅಲ್ಲ. ಹಳೇ ಹಾರ್ಡ್‌ಡಿಸ್ಕ್ ಎಷ್ಟು ನಿಧಾನ ಅಂದರೆ, ಸ್ಪೈಡರ್‌ಮ್ಯಾನ್ ಗೇಮಿನಲ್ಲಿ ಬೀದಿಯ ಅಂಚೆ ಡಬ್ಬಿಯಂಥ ಮಾಮೂಲಿ ವಸ್ತುವಿನ ಡೇಟಾವನ್ನು ಡಿಸ್ಕ್ ಮೇಲೆ 400 ಸಲ ಬರೆದಿಟ್ಟಿದ್ದರು. ಓದುವ ಸೂಜಿ ದೂರ ಓಡಬಾರದು ಅಂತ. ಪಿಎಸ್5 ರೂಪಿಸಿದ ಮಾರ್ಕ್ ಸರ್ನಿ 2020ರಲ್ಲಿ ತಾವೇ ಹೇಳಿದ ಉದಾಹರಣೆ ಇದು. ಈಗಿನ ಎಸ್‌ಎಸ್‌ಡಿ, ಅಂದರೆ ತಿರುಗುವ ತಟ್ಟೆಯಿಲ್ಲದ ಚಿಪ್ ಡಿಸ್ಕ್, ಸೆಕೆಂಡಿಗೆ 5.5 ಜಿಬಿ ಓದುತ್ತದೆ. ಆದರೆ ಕಾಯುವುದು ತಪ್ಪಿದ್ದು ಫೋಟೋದಲ್ಲಿ ಕಾಣುವುದಿಲ್ಲ ನೋಡಿ. ಹಾಗಾಗಿ ಯಾರಿಗೂ ಲೆಕ್ಕಕ್ಕಿಲ್ಲ. ಅನುಮಾನ ಇದ್ದರೆ ಒಂದು ಭಾನುವಾರ ನೆಂಟರ ಮನೆಯ ಪಿಎಸ್4 ಆಡಿ ಬನ್ನಿ.

ಪ್ರೋ ವಿಷಯ. 2024ರ ನವೆಂಬರ್‌ನಲ್ಲಿ 699.99 ಡಾಲರ್‌ಗೆ ಬಂತು, ಡಿಸ್ಕ್ ಡ್ರೈವ್ ಇಲ್ಲ. ಅದರ ವೈಫೈಗೆ ಬೇಕಾದ 6 ಗಿಗಾಹರ್ಟ್ಸ್ ಬ್ಯಾಂಡ್‌ಗೆ ಆಗ ಇಲ್ಲಿ ಅನುಮತಿ ಇಲ್ಲದ್ದರಿಂದ ಭಾರತದಲ್ಲಿ ಬಿಡುಗಡೆ ಮಾಡಲಿಲ್ಲ. ಸೂಟ್‌ಕೇಸಿನಲ್ಲಿ ಬಂದದ್ದನ್ನು ಲಕ್ಷದ ಹತ್ತಿರ ಕೊಟ್ಟು ತಗೊಂಡರೆ ವಾರಂಟಿಗೆ ನನ್ನ ಹತ್ತಿರ ಬರಬೇಡಿ. ಗೇಮ್‌ಗಳು ಅವೇ. ಅದೇ ಸಾರಿಗೆ ಬೆಳ್ಳಿ ಬಟ್ಟಲು. ನಾನಾದರೆ ಮಾರುವುದೂ ಇಲ್ಲ, ಕೊಳ್ಳುವುದೂ ಇಲ್ಲ. ಮುಂಗಡ ಬುಕ್ಕಿಂಗ್ ಅಂತೂ ಜನ್ಮದಲ್ಲಿ ಮಾಡುವುದಿಲ್ಲ.

ಪ್ರಶ್ನೆ: ಚಿನ್ನದ ಲೇಪನದ ಎಚ್‌ಡಿಎಂಐ ಕೇಬಲ್ ಹಾಕಿದರೆ ಫ್ರೇಮ್ ಜಾಸ್ತಿ ಬರುತ್ತಾ? (ಮಂಡ್ಯ)

ಇಲ್ಲ. ಬಾಕ್ಸಿನಲ್ಲಿ ಬಂದ ಕೇಬಲ್ ಹಾಕಿ. ಚಿನ್ನ ಮನೆಯವರಿಗೆ ಕೊಡಿಸಿ.

ಪ್ರಶ್ನೆ: ಬಾಕ್ಸ್ ಮೇಲೆ 8ಕೆ (4ಕೆಗಿಂತಲೂ ಸ್ಪಷ್ಟ ಚಿತ್ರ) ಅಂತ ಇತ್ತು. ಎಲ್ಲಿದೆ? (ಮೈಸೂರು)

ಬಾಕ್ಸ್ ಮೇಲೇ ಇದ್ದದ್ದು. 2024ರ ಹೊಸ ಬಾಕ್ಸ್‌ಗಳಲ್ಲಿ ಅದನ್ನೂ ಸದ್ದಿಲ್ಲದೆ ತೆಗೆದಿದ್ದಾರೆ.

ಪ್ರಶ್ನೆ: ಪಿಎಸ್5 ನಿಲ್ಲಿಸಿ ಇಟ್ಟರೆ ಚಿಪ್ಪಿನ ಬಿಸಿ ಎಳೆಯಲು ಒಳಗೆ ಹಾಕಿದ ಲಿಕ್ವಿಡ್ ಮೆಟಲ್ ಸೋರುತ್ತದಂತೆ? (ಬೆಳಗಾವಿ)

ನಿಲ್ಲಿಸಿ, ಮಲಗಿಸಿ, ಎರಡಕ್ಕೂ ಕಂಪನಿಯ ಒಪ್ಪಿಗೆ ಇದೆ. ನನ್ನ ಮೇಜಿಗೆ ಸೋರಿಕೆಯಾಗಿ ಬಂದವುಗಳಲ್ಲಿ ಹೆಚ್ಚಿನವು ಕೆಳಗೆ ಬಿದ್ದವು, ಇಲ್ಲವೇ ಮೊದಲೇ ಯಾರೋ ಬಿಚ್ಚಿದವು. ಒಂದರಲ್ಲಂತೂ ಮೆಟಲ್ ಒರೆಸಿ ಹಾಕಿ ಬಿಳಿ ಪೇಸ್ಟ್ ಮೆತ್ತಿದ್ದರು, ದೋಸೆಗೆ ಚಟ್ನಿ ಹಚ್ಚಿದ ಹಾಗೆ. ಒರೆಸುವಾಗ ಸಿಡಿದ ಹನಿಗಳು ಪಕ್ಕದ ಬಿಡಿಭಾಗಗಳ ಮೇಲೆ ಕೂತಿದ್ದವು. ಆ ಮೆಟಲ್‌ನಲ್ಲಿ ಕರೆಂಟ್ ಹರಿಯುತ್ತದೆ ಸ್ವಾಮಿ. ಬೋರ್ಡು ಹೋಯಿತು. ಆದರೂ ನಾನು ಮಲಗಿಸಿಯೇ ಇಡುತ್ತೇನೆ. ಮನೆಯಲ್ಲಿ ಬೆಕ್ಕಿದೆ.

ಪ್ರಶ್ನೆ: ಕಂಟ್ರೋಲರ್ ಮುಟ್ಟದಿದ್ದರೂ ಆಟಗಾರ ತಾನೇ ನಡೆಯುತ್ತಾನೆ. ಡಬ್ಲ್ಯುಡಿ-40 ಹೊಡೆಯಲಾ? (ತುಮಕೂರು)

ಅದನ್ನು ಗೇಟಿನ ಕೀಲಿಗೆ ಹೊಡೆಯಿರಿ. ಹೆಬ್ಬೆರಳಿನಲ್ಲಿ ತಿರುಗಿಸುವ ಸ್ಟಿಕ್ ಒಳಗೆ ಕಾರ್ಬನ್ ಪಟ್ಟಿ ಸವೆದಿರುತ್ತದೆ. ಎಣ್ಣೆ ಬಿಟ್ಟರೆ ಸವೆದದ್ದು ಬೆಳೆಯುವುದಿಲ್ಲ. ಮೊದಲು ವಾರಂಟಿ ನೋಡಿ. ಮುಗಿದಿದ್ದರೆ ಕೈ ಪಳಗಿದವರಿಂದ ಹಾಲ್ ಎಫೆಕ್ಟ್ ಸ್ಟಿಕ್ ಹಾಕಿಸಿ. ಅದರಲ್ಲಿ ಅಯಸ್ಕಾಂತದ ಕೆಲಸ, ಉಜ್ಜಾಟ ಇಲ್ಲ.

ಪ್ರಶ್ನೆ: ಐನೂರು ರೂಪಾಯಿಗೆ ಹೊಸ ಗೇಮ್ ಇರುವ "ಅಕೌಂಟ್" ಕೊಡುತ್ತಾರೆ. ತಗೊಳ್ಳಬಹುದಾ? (ಬೆಂಗಳೂರು)

ಪಾಸ್‌ವರ್ಡ್ ಅವರ ಹತ್ತಿರ, ದುಡ್ಡೂ ಅವರ ಹತ್ತಿರ. ನಿಮ್ಮ ಹತ್ತಿರ ಏನಿದೆ ಹೇಳಿ?

ಪ್ರಶ್ನೆ: ಹೊಸ ತಲೆಮಾರಿನ ಒಂದಾದರೂ ಗೇಮ್ ನಿಮಗೆ ಇಷ್ಟವಾಗಿದೆಯಾ? (ಧಾರವಾಡ)

ಆಸ್ಟ್ರೋ ಬಾಟ್, 2024. ಸಣ್ಣ ತಂಡ ಮಾಡಿದ್ದು, ಪಿಎಸ್5ಗೆ ಮಾತ್ರ. ಮಳೆ ಬಿದ್ದರೆ ಕೈಯಲ್ಲಿನ ಕಂಟ್ರೋಲರ್ ಹನಿಹನಿಯಾಗಿ ನಡುಗುತ್ತದೆ. ಮಗಳು ಆಡುತ್ತಾಳೆ. ಮಳೆ ಬಂದಾಗ ಮಾತ್ರ ನನ್ನ ಕೈಗೆ ಕೊಡುತ್ತಾಳೆ.