ಮೊಗ್ಗಿನ ಜಡೆ ಬೇಡ ಅಂದ ಮದುಮಗಳು

(ಹೆಸರು, ಊರು, ಮನೆಯ ಗುರುತು ಬದಲಿಸಿದ್ದೇನೆ.)

ಚಿಕ್ಕಬಳ್ಳಾಪುರದಲ್ಲಿ ನಾನು ಸಲಹೆ ಕೊಡಲು ಕೂರುವ ಕೋಣೆಗೆ ತಾಯಿ ಮಗಳು ಬಂದಿದ್ದು ಯುಗಾದಿ ಮುಗಿದ ಮಾರನೇ ವಾರ. ಮದುವೆಗೆ ಇನ್ನು ಐದು ವಾರ ಇತ್ತು. ಮಗಳನ್ನು ಇಲ್ಲಿ ಶೋಭಾ ಅನ್ನೋಣ. 26 ವರ್ಷ. ಶಿಡ್ಲಘಟ್ಟದ ಕಡೆಯವರು, ಮನೆಯಲ್ಲಿ ರೇಷ್ಮೆ ಸಾಕಣೆ. ತಾಯಿ ಕೂತ ತಕ್ಷಣ ಫೋನ್ ತೆಗೆದು ಮೊಗ್ಗಿನ ಜಡೆಯ ಫೋಟೋ ತೋರಿಸಿದರು.

"ಮುಂಗಡ ಕೊಟ್ಟಾಗಿದೆ. ಈಗ ಬೇಡ ಅಂತಾಳೆ. ಒಂದು ವಾರದಿಂದ ಸರಿಯಾಗಿ ಊಟನೂ ಮಾಡ್ತಿಲ್ಲ. ನೀವೇ ಬುದ್ಧಿ ಹೇಳಿ ಮೇಡಂ."

ಜಡೆಗೋಸ್ಕರ ಊಟ ಬಿಡೋರು ಕಮ್ಮಿ. ತಾಯಿಯನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿದೆ.

ಶೋಭಾ ಮಾತಾಡದೆ ಕ್ಲಿಪ್ ಬಿಚ್ಚಿದಳು. ನೆತ್ತಿಯ ಮೇಲೆ ಹತ್ತು ರೂಪಾಯಿ ನಾಣ್ಯದಷ್ಟು ಬೋಳು. ಕಿವಿಯ ಹಿಂದೆ ಇನ್ನೊಂದು. ಅಲೊಪೇಶಿಯಾ ಏರಿಯೇಟಾ ಅಂತ ಹೇಳಿ ಚರ್ಮದ ಡಾಕ್ಟರು ಇಂಜೆಕ್ಷನ್ ಶುರು ಮಾಡಿದ್ದರು. ಊರಲ್ಲಿ ಇದಕ್ಕೆ 'ಹುಳ ತಿಂದಿದೆ' ಅಂತಾರೆ. ಹುಳವೇ ಅನ್ನ ಕೊಡುವ ಮನೆಯಲ್ಲೂ ಆ ಮಾತು ಕೇಳಿದರೆ ಮೈ ಉರೀತದೆ ಅಂದಳು.

ಇದರಲ್ಲಿ ಯಾವ ಹುಳವೂ ಇಲ್ಲ. ರೋಗದ ಜೊತೆ ಹೋರಾಡಬೇಕಾದ ದೇಹದ ಶಕ್ತಿ ದಾರಿ ತಪ್ಪಿ ಕೂದಲ ಬುಡದ ಮೇಲೇ ತಿರುಗಿ ಬೀಳುತ್ತದೆ. ಮುಟ್ಟಿದರೆ ಅಂಟುವುದಿಲ್ಲ. ಬುಡ ಸಾಯುವುದಿಲ್ಲ, ಹಾಗಾಗಿ ಬಹಳ ಜನಕ್ಕೆ ಕೂದಲು ಮತ್ತೆ ಬರುತ್ತದೆ. ಬಂದದ್ದು ಮತ್ತೆ ಉದುರುವುದೂ ಉಂಟು.

ತಾಯಿಗೆ ಇದೆಲ್ಲ ಗೊತ್ತಿತ್ತು. ಅದಕ್ಕೇ ಮೊಗ್ಗಿನ ಜಡೆ ಬೇಕಿತ್ತು. ಸವರಿ, ಅಂದರೆ ಕೃತಕ ಕೂದಲು, ಕಟ್ಟಿ, ನೆತ್ತಿಯಿಂದ ಸೊಂಟದವರೆಗೆ ಹೂ ಮುಚ್ಚಿದರೆ ಯಾರ ಕಣ್ಣಿಗೂ ಬೀಳಲ್ಲ, ಅಲ್ವಾ? ಆದರೆ ಸವರಿ, ಜಡೆಬಿಲ್ಲೆ, ಕುಚ್ಚು ಕಟ್ಟಿ ಒಂದು ಸಲ ನೋಡಿದ್ದಾರೆ. ಬಿಚ್ಚುವಾಗ ಪಿನ್ನಿನ ಜೊತೆ ಕೂದಲೂ ಕೈಗೆ ಬಂದಿದೆ. ಆವತ್ತಿನಿಂದಲೇ ಊಟ ಸೇರ್ತಿಲ್ಲ. ಗಂಡಿನ ಕಡೆಯವರಿಗೆ ಇನ್ನೂ ಹೇಳಿರಲಿಲ್ಲ.

ಇಲ್ಲಿ ನಾನೊಂದು ತಪ್ಪು ಮಾಡಿದೆ. "ಎಲ್ಲರಿಗೂ ಹೇಳಿಬಿಡಮ್ಮ, ಮುಚ್ಚೋದ್ಯಾಕೆ?" ಅಂದುಬಿಟ್ಟೆ.

"ಛತ್ರದ ತುಂಬ ಜನ ನನ್ನ ತಲೆನೇ ನೋಡ್ಬೇಕಾ ಮೇಡಂ?"

ಅವಳು ಕೇಳಿದ್ದು ಸರಿ. ಧೈರ್ಯ ಹೇಳೋದು ನನಗೆ ಸುಲಭ, ತಲೆ ಅವಳದು. ನೆಂಟರ ಕಣ್ಣಿಗೆ ಬೀಳದ ಹಾಗೆ ಮುಚ್ಚುವುದು ಅವಳ ಇಷ್ಟ. ತಾಳಿ ಕಟ್ಟುವವನಿಂದ ಮುಚ್ಚಿಡುವುದು ಬೇರೆಯೇ ವಿಷಯ. ಈ ಎರಡನ್ನೂ ತಾಯಿ ಒಂದೇ ಗಂಟು ಮಾಡಿದ್ದರು. ಬಿಚ್ಚುವ ಭರದಲ್ಲಿ ನಾನೂ ಅದನ್ನೇ ಮಾಡಿದ್ದೆ.

ತಾಯಿಯನ್ನು ಒಳಗೆ ಕರೆದು ಒಂದೇ ಪ್ರಶ್ನೆ ಕೇಳಿದೆ. "ಧಾರೆ ಹೊತ್ತಿಗೆ ಜಡೆ ಮುಚ್ಚುತ್ತೆ, ಸರಿ. ಹಿಂದಿನ ದಿನ ಎಣ್ಣೆ ಶಾಸ್ತ್ರಕ್ಕೆ ಏನು ಮಾಡ್ತೀರಿ?"

ಅವರು ಸೆರಗು ಬಾಯಿಗೆ ಒತ್ತಿಕೊಂಡರು. ಅತ್ತೆ, ಚಿಕ್ಕಮ್ಮ, ಪಕ್ಕದ ಮನೆಯವರು ಸಾಲಾಗಿ ಬಂದು ಹುಡುಗಿಯ ನೆತ್ತಿಗೆ ಎಣ್ಣೆ ಒತ್ತುತ್ತಾರೆ. ಆಗ ತಲೆ ಮೇಲೆ ಹೂವೂ ಇಲ್ಲ, ಬಿಲ್ಲೆಯೂ ಇಲ್ಲ. ಧಾರೆಯಲ್ಲಿ ಗಂಡು ಜೀರಿಗೆ ಬೆಲ್ಲ ಇಡುವುದೂ ಅದೇ ಜಾಗಕ್ಕೆ. ಇಷ್ಟು ದಿನ ಬರೀ ಫೋಟೋ ಲೆಕ್ಕ ಹಾಕಿದ್ದರು, ಪಾಪ.

ನಾನು ಕೊಟ್ಟ ಸಲಹೆ ಹೀಗಿತ್ತು. ಹುಡುಗನಿಗೆ ಶೋಭಾ ತಾನೇ ಹೇಳಬೇಕು, ಫೋನಿನಲ್ಲಲ್ಲ, ಎದುರಿಗೆ. ಡಾಕ್ಟರ ಚೀಟಿ ಕೈಯಲ್ಲಿರಲಿ. ಅವನಿಗೆ ಯೋಚಿಸಲು ಸಮಯ ಕೊಡಬೇಕು, ತಕ್ಷಣ "ಪರವಾಗಿಲ್ಲ" ಅನ್ನಲಿಲ್ಲ ಅಂತ ಕೆಟ್ಟವನು ಅಂದುಕೊಳ್ಳಬಾರದು. ಎಣ್ಣೆ ಶಾಸ್ತ್ರದಲ್ಲಿ ಗರಿಕೆಯನ್ನು ಎಣ್ಣೆಗೆ ಅದ್ದಿ ಮುಟ್ಟಿಸುವ ಪದ್ಧತಿಯೂ ಇದೆಯಲ್ಲ, ಅದನ್ನೇ ಮಾಡಿಸಿ ಅಂದೆ. ಬಂದವರು ಪಾದ, ಮಂಡಿ, ಭುಜಕ್ಕೆ ಮುಟ್ಟಿಸಲಿ. ನೆತ್ತಿಗೆ ಅಜ್ಜಿಯೊಬ್ಬರೇ ಸಾಕು.

ಇನ್ನು ತಲೆಯ ಅಲಂಕಾರ. ಎಳೆಯುವ, ಚುಚ್ಚುವ, ಅಂಟಿಸುವ ಯಾವುದೂ ಬೇಡ. ಬಿಗಿಯಾಗಿ ಎಳೆದು ಕಟ್ಟಿದರೆ ಚೆನ್ನಾಗಿರುವ ಕೂದಲೂ ಉದುರುತ್ತದೆ. ಕತ್ತಿನ ಹತ್ತಿರ ಸಡಿಲವಾದ ತುರುಬು, ಅದರ ಸುತ್ತ ಮಲ್ಲಿಗೆ. ವೈಶಾಖದಲ್ಲಿ ಮಲ್ಲಿಗೆಗೇನು ಬರ. ನೆತ್ತಿಯ ಕಡೆಗೆ ಅದೇ ದಂಡೆಯ ಎರಡು ಸುತ್ತು ಹಗುರವಾಗಿ ಬರಲಿ. ಬೈತಲೆಬೊಟ್ಟು ಇರಲಿ, ಅದರ ತೂಕ ಅಷ್ಟೇನಿಲ್ಲ. ಬಾಸಿಂಗದ ದಾರದ ಕೆಳಗೆ ಮೆತ್ತನೆ ಬಟ್ಟೆ ಇಡಿ. ಬ್ಯೂಟಿ ಪಾರ್ಲರಿನವರಿಗೆ ಮೊದಲೇ ತೋರಿಸಿ, ಒಂದು ದಿನ ಎರಡು ಗಂಟೆ ಕಟ್ಟಿಕೊಂಡು ಮನೆಯಲ್ಲಿ ಓಡಾಡಿ ನೋಡು ಅಂದೆ. ಇಂಜೆಕ್ಷನ್ ದಿನಕ್ಕೂ ಮದುವೆಗೂ ಎಷ್ಟು ಅಂತರ ಬೇಕು ಅಂತ ಡಾಕ್ಟರನ್ನೇ ಕೇಳಲು ಹೇಳಿದೆ.

ಹುಡುಗ ಎರಡು ದಿನ ಫೋನ್ ಮಾಡಲಿಲ್ಲ. ಆ ಎರಡು ದಿನ ತಾಯಿ ನನಗೆ ಎಷ್ಟು ಸಲ ಫೋನ್ ಮಾಡಿದರೋ, ಲೆಕ್ಕವಿಲ್ಲ. ಮೂರನೇ ದಿನ ಅವನೇ ಶೋಭಾ ಜೊತೆ ಬಂದ. "ಮಕ್ಕಳಿಗೂ ಬರುತ್ತಾ ಮೇಡಂ?" ಅಂತ ನೇರವಾಗಿ ಕೇಳಿದ. ಮನೆತನದಲ್ಲಿ ಬರುವ ಸಾಧ್ಯತೆ ಸ್ವಲ್ಪ ಇದೆ, ಬಂದೇ ಬರುತ್ತೆ ಅಂತಿಲ್ಲ, ಹೆಚ್ಚಿನದನ್ನು ಡಾಕ್ಟರ ಹತ್ತಿರ ಕೇಳಿ ಅಂದೆ. ತಲೆಯಾಡಿಸಿದ. ಅವನ ತಾಯಿಗೆ ಹೇಳಬೇಕಾ ಅಂತ ಅವರಿಬ್ಬರೇ ತೀರ್ಮಾನ ಮಾಡಿಕೊಂಡರು. ನಾನು ಕೇಳಲಿಲ್ಲ.

ಮದುವೆಯಾದ ಮೇಲೆ ಶೋಭಾ ಧಾರೆಯ ವಿಡಿಯೋ ಕಳಿಸಿದಳು. ಹುಡುಗ ಜೀರಿಗೆ ಬೆಲ್ಲವನ್ನು ನೆತ್ತಿಗೆ ಒತ್ತದೆ, ಮುಂದಲೆಯ ಹತ್ತಿರ ಮೆಲ್ಲಗೆ ಇಟ್ಟಿದ್ದಾನೆ. ಹಿಂದೆ ಅವಳ ತಂಗಿ ಕಳಶ ಹಿಡಿದು ನಿಂತಿದ್ದಾಳೆ, ಸೊಂಟದವರೆಗೆ ಮೊಗ್ಗಿನ ಜಡೆ. ಮುಂಗಡ ಕೊಟ್ಟಿದ್ದನ್ನು ತಾಯಿ ಸುಮ್ನೆ ಬಿಡ್ತಾರಾ!