ಎಷ್ಟು ದಿನ ನಿಂತಿತ್ತು ಅಂತ ಕೇಳಿ

ಪ್ರಶ್ನೆ: ಹಡಗುಗಳು ಸಮತೋಲನಕ್ಕೆಂದು ಟ್ಯಾಂಕಿನಲ್ಲಿ ತುಂಬಿಕೊಳ್ಳುವ ಬ್ಯಾಲಸ್ಟ್ ನೀರನ್ನು ನಡುಸಮುದ್ರದಲ್ಲೇ ಬದಲಾಯಿಸಿಕೊಂಡು ಬರುತ್ತವಂತೆ. ಹಾಗಿದ್ದೂ ಪರದೇಶದ ಚಿಪ್ಪುಜೀವಿಗಳು ಬಂದರಿಗೆ ಹೇಗೆ ಸೇರಿಕೊಳ್ಳುತ್ತವೆ ಸರ್?

ಉತ್ತರ: ನೀರು ಬದಲಾಯಿಸುವುದು ಹಳೇ ಪದ್ಧತಿ. ತೀರದಿಂದ 200 ನಾಟಿಕಲ್ ಮೈಲಿ ಆಚೆ, 200 ಮೀಟರ್‌ಗಿಂತ ಆಳ ಇರುವಲ್ಲಿ, ಟ್ಯಾಂಕಿನ ಶೇ. 95ರಷ್ಟು ನೀರು ಬದಲಾಗಬೇಕಿತ್ತು. ನೀರೇನೋ ಬದಲಾಗುತ್ತಿತ್ತು. ಹೂಳು? ಇಂಜಿನ್ ರೂಮಿನಲ್ಲಿ ದುಡಿದವನು ನಾನು, ಖಾಲಿ ಟ್ಯಾಂಕಿಗೆ ಎಷ್ಟೋ ಸಲ ಇಳಿದಿದ್ದೇನೆ. ತಳದ ಕಬ್ಬಿಣದ ಪಟ್ಟಿಗಳ ನಡುವೆ ಪಾದ ಮುಳುಗುವಷ್ಟು ಕೆಸರು. ಬೂಟು ಕೀಳಲು ಒದ್ದಾಡಬೇಕು. ಕೆಲವು ಪಾಚಿಗಳ ಗಟ್ಟಿ ಬೀಜಕಣಗಳು ಅದರಲ್ಲೇ ಹಾಯಾಗಿ ಮಲಗಿರುತ್ತವೆ.

ಬ್ಯಾಲಸ್ಟ್ ನೀರಿನ ಬಗೆಗಿನ 2004ರ ಅಂತಾರಾಷ್ಟ್ರೀಯ ಒಪ್ಪಂದ 2017ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂತು. ಈಗ ಬದಲಾವಣೆ ಸಾಲದು, ನೀರನ್ನು ಸೋಸಿ, ಯುವಿ (ಅತಿನೇರಳೆ) ಬೆಳಕು ಬಿಟ್ಟೋ ಕ್ಲೋರಿನ್ ಹಾಕಿಯೋ ಶುದ್ಧ ಮಾಡಬೇಕು. ಹೊರಬಿಡುವ ಒಂದು ಘನ ಮೀಟರ್ ನೀರಿನಲ್ಲಿ 50 ಮೈಕ್ರಾನ್ (ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗ) ಮತ್ತು ಅದಕ್ಕಿಂತ ದೊಡ್ಡ, ಬದುಕಿರುವ ಜೀವಿಗಳು ಹತ್ತಕ್ಕಿಂತ ಕಡಿಮೆ ಇರಬೇಕು. ಸೊನ್ನೆ ಅಲ್ಲ, ಗಮನಿಸಿ. ನದೀಮುಖದ ಬಂದರುಗಳಲ್ಲಿ ಫಿಲ್ಟರ್ ಮಣ್ಣು ಕಚ್ಚಿಕೊಂಡು ಕೊಡುವ ಕಾಟ ಬೇರೆ.

ಆದರೆ ನನಗೆ ಜಾಸ್ತಿ ಭಯ ಹಡಗಿನ ಹೊರಮೈಯದು. ಇಂಜಿನ್ ತಂಪು ಮಾಡಲು ಸಮುದ್ರದ ನೀರೆಳೆಯುವ ಗೂಡೊಂದಿದೆ, ಸೀ ಚೆಸ್ಟ್ ಅಂತೀವಿ. ನೀರು ಖಾಲಿ ಮಾಡಿ ಹಡಗು ರಿಪೇರಿ ಮಾಡುವ ಡ್ರೈ ಡಾಕ್‌ನಲ್ಲಿ ಒಮ್ಮೆ ಅದರ ಜಾಲರಿ ಬಿಚ್ಚಿದಾಗ ಬಕೆಟ್ಟುಗಟ್ಟಲೆ ಚಿಪ್ಪು ಸುರಿಯಿತು. ನಡುವೆ ಒಂದು ಪುಟ್ಟ ಏಡಿ, ಜೀವಂತ! ಅಲ್ಲಿ ಹಡಗನ್ನು ಕೂರಿಸುವ ದಿಮ್ಮಿಗಳು ತಾಗುವ ಜಾಗಕ್ಕೆ ಬಣ್ಣ ಬಳಿಯಲು ಆಗುವುದಿಲ್ಲ. ಅಲ್ಲೂ ಅಂಟಿಕೊಂಡಿರುತ್ತವೆ. ಚಿಪ್ಪು ಹತ್ತದಂತೆ ಬಳಿಯುವ ಬಣ್ಣಗಳಲ್ಲೂ ಹೆಚ್ಚಿನವು ಹಡಗು ಓಡುತ್ತಿದ್ದರಷ್ಟೇ ಚೆನ್ನಾಗಿ ಕೆಲಸ ಮಾಡುತ್ತವೆ.

1999ರಲ್ಲಿ ಆಸ್ಟ್ರೇಲಿಯಾದ ಡಾರ್ವಿನ್‌ನ ಮರೀನಾಗಳಲ್ಲಿ, ಅಂದರೆ ದೋಣಿ ನಿಲ್ಲಿಸುವ ತಂಗುದಾಣಗಳಲ್ಲಿ, ಕರಿಪಟ್ಟೆಯ ಮಸ್ಸೆಲ್ ಎಂಬ ಚಿಪ್ಪುಜೀವಿ ಕಾಣಿಸಿತು. ಮರೀನಾಗಳ ಗೇಟು ಮುಚ್ಚಿ, ಕ್ಲೋರಿನ್ ಮತ್ತು ತಾಮ್ರದ ಸಲ್ಫೇಟ್ ಸುರಿದು, ಪೂರ್ತಿ ನಿರ್ನಾಮ ಮಾಡಿದರು. ಗೇಟು ಇದ್ದದ್ದಕ್ಕೆ ಆಯಿತು. ತೆರೆದ ಬಂದರಿಗೆ ಆ ಭಾಗ್ಯ ಎಲ್ಲಿ, ಅಲ್ವಾ?

ಹಾಗಾಗಿ ಬಂದರಿನವರು ಹಡಗು ಯಾವ ದೇಶದಿಂದ ಬಂತು ಅಂತ ಕೇಳಿದರೆ ಸಾಲದು. ಎಲ್ಲಿ, ಎಷ್ಟು ವಾರ ಸುಮ್ನೆ ಲಂಗರು ಹಾಕಿ ನಿಂತಿತ್ತು? ಸೀ ಚೆಸ್ಟ್ ತೆರೆದು ನೋಡಿದ್ದು ಯಾವಾಗ? ನ್ಯೂಜಿಲೆಂಡ್ 2018ರಿಂದ ಹಡಗಿನ ತಳ ಸ್ವಚ್ಛವಿರಬೇಕೆಂದು ಕಡ್ಡಾಯ ಮಾಡಿದೆ. ಹಾಗಂತ ಬಂದರಿನೊಳಗೇ ಮುಳುಗುಗಾರರಿಂದ ಕೆರೆಸಿ ಬಿಡಬೇಡಿ. ಕೆರೆದದ್ದನ್ನು ಹೀರಿ ಮೇಲೆತ್ತುವ ಯಂತ್ರ ಇಲ್ಲದಿದ್ದರೆ, ಇಷ್ಟು ದೂರ ಅಂಟಿಕೊಂಡು ಬಂದವನ್ನು ನೀವೇ ನೀರಿಗೆ ಇಳಿಸಿದ ಹಾಗೆ.